ಟಿಟ್ಟಿಭದ ಇಪ್ಪತ್ತೆಂಟು ದಿನ

೨೭ ಏಪ್ರಿಲ್ ೨೦೦೩, ಭಾನುವಾರ, ಬೆಳಿಗ್ಗೆ ೯
ಸೊಸೈಟಿಯ ಕಾಂಪೌಂಡ್ ಗೋಡೆಯ ಮೇಲೆ ನೀಲಕಂಠ ಹಕ್ಕಿಯ ರೆಕ್ಕೆ ಬರೆದು ಮುಗಿಯಿತು. ಎಂಟು ಗಂಟೆಗೇ ಬಣ್ಣ ಬ್ರಷ್‌ನಲ್ಲಿ ಒಣಗುತ್ತದೆ. ಅಹಮದಾಬಾದಿನ ಈ ಬೋಡಕ್‌ದೇವ್‌ಗೆ ಬಂದು ಮೂರು ವರ್ಷ, ಈ ಬಿಸಿಲು ಇನ್ನೂ ಒಗ್ಗಿಲ್ಲ.

ಅದಕ್ಕಿಂತ ಹೆಚ್ಚು ಉರಿಸುವುದು ಆ ಕಲ್ಲುಮಣ್ಣಿನ ಗುಡ್ಡೆ. ಪಕ್ಕದ ಖಾಲಿ ಸೈಟಿನಲ್ಲಿ, ಸರಿಯಾಗಿ ನನ್ನ ಗೋಡೆಯ ಮುಂದೆ. ರಸ್ತೆಯಿಂದ ನೋಡಿದರೆ ಅರ್ಧ ಹಕ್ಕಿಗಳು ಕಾಣುವುದೇ ಇಲ್ಲ. ಜೆಸಿಬಿ ತರಿಸಿ ಎತ್ತಿಸಿ ಎಂದು ಸೊಸೈಟಿ ಸೆಕ್ರೆಟರಿ ಕನುಭಾಯ್‌ಗೆ ಮೂರನೇ ಅರ್ಜಿ ಕೊಟ್ಟೆ. ಅವರ ಚಿಂತೆ ಬೇರೆ. ಹಂಸ ಬೇಕಂತೆ. ಜೋಡಿ ಹಂಸ, ನಡುವೆ ಕಮಲ. ‘ಇಲ್ಲಿಯ ಹಕ್ಕಿಗಳು’ ಎಂದು ಠರಾವು ಮಾಡಿದ್ದು ಇದೇ ಕಮಿಟಿ. ಅಹಮದಾಬಾದಿನಲ್ಲಿ ಯಾರ ಹಿತ್ತಲಲ್ಲಿ ಹಂಸ ಇದೆಯೋ... ಬರೆಯುವುದಿಲ್ಲ ಎಂದೆ.

೪ ಮೇ
ಗೆದ್ದೆ. ಜೂನ್ ಐದು ಪರಿಸರ ದಿನ, ಕಾರ್ಪೊರೇಟರ್ ಬಂದು ಗೋಡೆ ಉದ್ಘಾಟಿಸುತ್ತಾರೆ. ಅದರ ಹಿಂದಿನ ದಿನ, ನಾಲ್ಕಕ್ಕೆ, ಗುಡ್ಡೆ ಎತ್ತಲು ಜೆಸಿಬಿ.

೧೧ ಮೇ
ಏಣಿ ಇಡಲು ಹೋದೆ, ಹಕ್ಕಿಯೊಂದು ತಲೆಗೇ ಎರಗಿತು. ಹಳದಿ ಕಾಲು, ಕೆನ್ನೆಯ ಮೇಲೆ ಕೆಂಪು. ಟಿಟ್ಟಿಭ. ಗುಡ್ಡೆಯ ತುದಿಯಲ್ಲಿ ನಾಲ್ಕು ಮೊಟ್ಟೆ. ಗೂಡಿಲ್ಲ, ಏನಿಲ್ಲ, ಬರೀ ಜಲ್ಲಿಕಲ್ಲು. ಬುದ್ಧಿ ಇದೆಯಾ ಇದಕ್ಕೆ.

ನನ್ನ ಗೋಡೆಯಲ್ಲಿ ಹದಿನೇಳು ಹಕ್ಕಿಗಳಿವೆ, ಇದಿಲ್ಲ. ದಿನಾ ಕಾಣುವುದು ಎಂದು ಬಿಟ್ಟಿದ್ದೆ.

೧೩ ಮೇ
ಕನುಭಾಯ್‌ಗೆ ಹೇಳಿದೆ. ಸಂಭ್ರಮವೋ ಸಂಭ್ರಮ. ಟಿಟ್ಟಿಭಕ್ಕೆ ಇಲ್ಲಿ ಟಿಟೋಡಿ ಎನ್ನುತ್ತಾರೆ; ಅದು ಎತ್ತರದಲ್ಲಿ ಮೊಟ್ಟೆಯಿಟ್ಟರೆ ಆ ವರ್ಷ ಒಳ್ಳೆಯ ಮಳೆಯಂತೆ. ಇಡೀ ಸೊಸೈಟಿ ಬಂದು ನೋಡಿತು. ಕೈಮುಗಿದವರೂ ಇದ್ದರು.

“ಹಾಗಾದರೆ ಜೆಸಿಬಿ ಬೇಡ ತಾನೇ?” ಎಂದೆ.

“ವಾಚ್‌ಮನ್ ಮೊಟ್ಟೆ ಎತ್ತಿ ಟೆರೇಸ್ ಮೇಲೆ ಇಡ್ತಾನೆ, ಬೆನ್.”

ಅಲ್ಲಿಟ್ಟರೆ ತಾಯಿ ಬರುವುದಿಲ್ಲ ಎಂದೆ. ಅವರು ಫೈಲ್ ತೆರೆದರು. ನನ್ನ ಮೂರು ಅರ್ಜಿಗಳು, ನನ್ನದೇ ಅಕ್ಷರ, ನನ್ನದೇ ಸಹಿ. “ನೀವೇ ಕೇಳಿದ್ದು.”

ಲೈಬ್ರರಿಯಲ್ಲಿ ಪುಸ್ತಕ ನೋಡಿದೆ. ಮರಿಯಾಗಲು ಸುಮಾರು ಇಪ್ಪತ್ತೆಂಟು ದಿನ. ಅಂದರೆ ಜೂನ್ ಎಂಟು. ಜೆಸಿಬಿ ನಾಲ್ಕಕ್ಕೆ. ನಾಲ್ಕು ದಿನ... ಬರೀ ನಾಲ್ಕು ದಿನ.

೧೮ ಮೇ
ಗೋಡೆ ಮುಗಿಯದಿದ್ದರೆ ಉದ್ಘಾಟನೆ ಹೇಗೆ ಮಾಡುತ್ತಾರೆ? ಕೆಂಬೂತದ ಕಣ್ಣನ್ನು ಮೂರು ಸಲ ಕೆರೆದು ಮೂರು ಸಲ ಬರೆದೆ. ನಿಧಾನ ಎಂದರೆ ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತದೆ.

ಆ ಹಕ್ಕಿ ಮಾತ್ರ ದಿನಾ ನನ್ನನ್ನೇ ಬೈಯುತ್ತದೆ. ವಾಚ್‌ಮನ್‌ನನ್ನು ಬಿಡುತ್ತದೆ, ಹಸುವನ್ನು ಬಿಡುತ್ತದೆ. ನಾನೇ ವೈರಿ.

೨೬ ಮೇ
ಕೊನೆಗೆ ಸೋತೆ. “ಫಂಕ್ಷನ್ ಹತ್ತನೇ ತಾರೀಖಿಗೆ ಹಾಕಿ, ಹಂಸ ಬರೆದುಕೊಡ್ತೀನಿ” ಎಂದೆ. ಕನುಭಾಯ್ ನಕ್ಕರು. “ಬರೀರಿ, ಕೇಳಿ ನೋಡ್ತೀನಿ.”

೧ ಜೂನ್
ಐದು ದಿನ ಹಂಸ ಬರೆದೆ. ಕಮಲ ಸಹಿತ. ಇವತ್ತು ನೋಡಿ ಮೆಚ್ಚಿದರು. ಡೇಟ್ ಬದಲಾಗುವುದಿಲ್ಲವಂತೆ, ಕಾರ್ಡ್ ಪ್ರಿಂಟಾಗಿದೆಯಂತೆ. ಕಾರ್ಡಿನಲ್ಲಿ ಏನಿದೆ? ಹಂಸದ ಚಿತ್ರ. ಕೇಳಿಯೇ ಇರಲಿಲ್ಲ ಆ ಮನುಷ್ಯ.

ಉಗುರು ಕಚ್ಚಿ ಕಚ್ಚಿ ಬೆರಳು ಉರಿಯುತ್ತಿದೆ.

೩ ಜೂನ್, ಬೆಳಿಗ್ಗೆ ೧೧
ಆಫೀಸಿಗೆ ರಜೆ ಹಾಕಿದೆ. ಐದೂವರೆಗೆ ಕೆಳಗಿಳಿದೆ. ರೋಲರ್, ಎರಡು ಬಕೆಟ್ ಬಿಳಿ ಪ್ರೈಮರ್. ಮೊದಲು ಹಂಸ. ಖುಷಿಯಾಯಿತು, ಸುಳ್ಳೇಕೆ. ಆಮೇಲೆ ಗೊರವಂಕ, ಪಿಕಳಾರ, ಗೀಜಗ. ನೀಲಕಂಠದ ಮುಂದೆ ಕೈ ನಿಂತಿತು. ಆ ರೆಕ್ಕೆಗೆ ನಾಲ್ಕು ಭಾನುವಾರ ಹಿಡಿದಿತ್ತು. ಅಲ್ಲೇ ಕೂತು ಅತ್ತೆ. ಆಮೇಲೆ ಬಳಿದೆ.

ಯಾರೂ ತಡೆಯಲಿಲ್ಲ. ಇದೂ ಕೆಲಸದ ಭಾಗ ಎಂದುಕೊಂಡರು. ವಾಚ್‌ಮನ್ ಏಣಿಯನ್ನೂ ಹಿಡಿದ. ಎದುರಿನ ಉಡುಪಿ ಹೋಟೆಲಿನ ಪದ್ಮನಾಭಣ್ಣ ಒಬ್ಬರೇ ಚಾ ತಂದು ನಿಂತರು. “ಎಂತ ಮಾರಾಯ್ತಿ, ಮಂಡೆ ಸಮ ಉಂಟಲ್ಲ?” ಗುಡ್ಡೆಯ ಕಡೆ ಕೈ ತೋರಿಸಿದೆ.  ಲೋಟ ಇಟ್ಟು ಹೋದರು.

ಹತ್ತಕ್ಕೆ ಕನುಭಾಯ್. “ಆ ಶೂ ಕರ್ಯು, ಬೆನ್?” ಇದೇನು ಮಾಡಿದಿರಿ ತಂಗೀ, ಎಂದು. ಅಷ್ಟೇ. ಧ್ವನಿ ಏರಲಿಲ್ಲ. ಬಣ್ಣ ಕೆಟ್ಟಿತ್ತು, ಮತ್ತೆ ಬರೆಯಬೇಕು ಎಂದೆ. ಬಿಳಿ ಗೋಡೆಗೆ ರಿಬ್ಬನ್ ಕಟ್ಟುವುದಕ್ಕಾಗುವುದಿಲ್ಲವಲ್ಲ.

೪ ಜೂನ್
ಜೆಸಿಬಿ ಬರಲಿಲ್ಲ. ಫಂಕ್ಷನ್ ರದ್ದು. ಬಂದದ್ದು ಸೊಸೈಟಿಯ ನೋಟಿಸ್—ತಿಂಗಳ ಕೊನೆಗೆ ಬಾಡಿಗೆ ಫ್ಲಾಟ್ ಖಾಲಿ ಮಾಡಬೇಕು. ಭಾನುವಾರ ಗುಡ್ಡೆ ಎತ್ತುತ್ತಾರೆ, ಬೇರೆ ಪೇಂಟರ್ ಬಂದು ಹಂಸ ಬರೆಯುತ್ತಾನೆ. ಭಾನುವಾರ ಎಂದರೆ ಎಂಟು. ಮರಿಯಾಗುವ ಅದೇ ದಿನ.

ಚಿನ್ಮಯಿ ನನ್ನ ಜೊತೆ ಈ ಫ್ಲಾಟಿನಲ್ಲಿರುವವಳು. ಅವಳನ್ನು ಒಂದು ಮಾತು ಕೇಳಿರಲಿಲ್ಲ. “ನಿನ್ನ ಮೊಟ್ಟೆಗೋಸ್ಕರ ನನ್ನ ಮನೆ ಹೋಯ್ತಲ್ಲೇ ನಿಶ್ಚಿತಾ. ನನ್ನ ಪರೀಕ್ಷೆ ಇದೆ. ಒಂಟಿ ಹುಡುಗೀರಿಗೆ ಈ ಊರಲ್ಲಿ ಯಾರು ಮನೆ ಕೊಡ್ತಾರೆ?” ಬಾಗಿಲು ಹಾಕಿಕೊಂಡಳು. ಅವಳ ಸಿಟ್ಟು ನ್ಯಾಯವೇ. ಅದಕ್ಕೇ ಇನ್ನೂ ಉರಿಯುತ್ತದೆ.

೭ ಜೂನ್, ಸಂಜೆ
ನಾಲ್ಕೂ ಹಾಗೇ ಇವೆ. ಪುಸ್ತಕದಲ್ಲಿ ‘ಸುಮಾರು’ ಎಂದಿತ್ತು. ಯಾರು ಬರೆದರೋ ಆ ‘ಸುಮಾರು’.

ಚಿನ್ಮಯಿ ಮೂರು ದಿನದಿಂದ ಮಾತಾಡಿಲ್ಲ.

೮ ಜೂನ್, ಬೆಳಿಗ್ಗೆ ೬.೪೦
ಹತ್ತು ನಿಮಿಷ ಕೆಳಗಿದ್ದು ಬಂದೆ. ಮೂರು ಮರಿ. ಒದ್ದೆಯಾಗಿವೆ, ಕಾಲೇ ಮೈಗಿಂತ ಉದ್ದ. ಒಂದು ಆಗಲೇ ಎದ್ದು ಬಿದ್ದು ನಡೆಯುತ್ತಿದೆ. ನಾಲ್ಕನೆಯದರಲ್ಲಿ ಸಣ್ಣ ತೂತು, ಒಳಗೆ ಕೊಕ್ಕು ಅಲುಗುತ್ತಿದೆ. ಇನ್ನೊಂದು ಗಂಟೆ ಸಾಕು. ತಾಯಿ ನನ್ನ ನೆತ್ತಿಗೆ ಒಂದು ಕೊಟ್ಟೇ ಕಳಿಸಿತು. ದರಿದ್ರದ್ದು.

ಕಿಟಕಿಯಿಂದ ಕಾಣುತ್ತಿದೆ, ಗೇಟಿನ ಹತ್ತಿರ ಹಳದಿ ಜೆಸಿಬಿ. ಇಷ್ಟು ಬೇಗ. ಚಿನ್ಮಯಿಯ ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಅವಳ ಓಟ. ಚಪ್ಪಲಿ ಇಲ್ಲೇ ಇದೆ. ಈಗ ಗುಡ್ಡೆಯ ಮುಂದೆ ನಿಂತಿದ್ದಾಳೆ, ನೈಟಿಯಲ್ಲಿ, ಎರಡೂ ಕೈ ಅಗಲಿಸಿ. ಟಿಟ್ಟಿಭ ಅವಳ ತಲೆಗೂ ಎರಗುತ್ತಿದೆ. ಅವಳು ಕದಲುತ್ತಿಲ್ಲ. ನಾನೂ ಹೊರಟೆ—