ದುರುಗಮ್ಮ ಹೊತ್ತು ತಂದ ಕಲ್ಲು

6 ಜನವರಿ, ಸೋಮವಾರ

ಇವತ್ತೂ ಜೀಪಿಲ್ಲ. ಹೊಳಲ್ಕೆರೆಯಿಂದ ತಾಳ್ಯಕ್ಕೆ ಬಸ್ಸು, ಅಲ್ಲಿಂದ ಹಳ್ಳಿಗೆ ರಂಗೇಶನ ಬೈಕು. ರಂಗೇಶ್ ನನ್ನ ಜೊತೆ ಅಳತೆ ಸರಪಳಿ ಹಿಡಿಯೋನು, ಮಾತು ಮಾತ್ರ ತಹಸೀಲ್ದಾರಂದು. ಮಂಡಿ ನೋವು ಬೇರೆ. ಸರ್ವೇಯರ್ ಅಂದ್ರೆ ಫ್ಯಾನಡಿ ಕೂರೋ ಕೆಲಸ ಅಂತ ನಮ್ಮತ್ತೆ ಇನ್ನೂ ನಂಬಿದಾರೆ.

ಕಾಲೋನಿಯ ಸ್ಮಶಾನಕ್ಕೆ ಹದ್ದು ಗುರುತಿಸಬೇಕು. ಪರಿಶಿಷ್ಟ ಜಾತಿಯವರಿಗೆ ಅಂತ ಸರ್ಕಾರ ಬಿಟ್ಟ ಒಂದು ಎಕರೆ. ಪಹಣಿಯಲ್ಲಿ ಎಕರೆ ಇದೆ, ನೆಲದ ಮೇಲಿಲ್ಲ. ಮೂರು ಕಡೆ ಹನುಮಂತಪ್ಪನ ಹೊಲ. ಅವನ ನೇಗಿಲು ವರ್ಷಕ್ಕೆರಡು ಸಾಲು ಒಳಗೆ ಬಂದು ಬಂದು... ಹೋದ ವರ್ಷ ಜಾಗ ಸಾಲದೆ ಎರಡು ಹೆಣ ಹಳ್ಳದ ದಂಡೇಲಿ ಮಣ್ಣು ಮಾಡಿದಾರೆ.

ಅರ್ಜಿ ಹಾಕಿದ್ದು ದುರುಗಮ್ಮ. ಎಪ್ಪತ್ತರ ಹತ್ತಿರ. ಮೂರು ವರ್ಷ ಆಫೀಸಿಗೆ ಅಲೆದವರು. ನಾನೇ ಎರಡು ಸಲ 'ಮುಂದಿನ ವಾರ ಬರ್ರಿ' ಅಂದಿದೀನಿ. ಅದೂ ಇಲ್ಲಿರಲಿ.

8 ಜನವರಿ, ಬುಧವಾರ

ಮೂರು ಮೂಲೆಯ ಬಾಂದುಕಲ್ಲು, ಅಂದ್ರೆ ಸರ್ವೆಯ ಗಡಿಕಲ್ಲು, ಸಿಕ್ಕವು. ನಾಲ್ಕನೇದಿಲ್ಲ. ಸಂಜೆ ರಂಗೇಶ್ ಕೂಗಿದ. ಒಂದು ಗೋರಿಯ ತಲೆ ಹತ್ತಿರ ನೆಟ್ಟಿದೆ, ಮೇಲೆ ಕೂಡು ಗುರುತು. ನಮ್ಮದೇ ಕಲ್ಲು. ದುರುಗಮ್ಮನ ಗಂಡ ಚಿಕ್ಕತಿಮ್ಮಪ್ಪನ ಗೋರಿ ಅದು, ಹದಿಮೂರು ವರ್ಷದ್ದು.

ಹಳೇ ನಕ್ಷೆಯ ಅಳತೆಗೆ ಸ್ವಲ್ಪ ಫರಕು. ಇರಲಿ, ಹಳೇ ಕಾಲದ ಸರಪಳಿ, ಅಂದುಕೊಂಡೆ. ಕಲ್ಲು ಸಿಕ್ಕರೆ ಅದನ್ನೇ ಹಿಡಿಯೋದು. ಸ್ಮಶಾನಕ್ಕೆ ಒಂದು ಗುಂಟೆ ಜಾಸ್ತಿಯೇ ಬರುತ್ತೆ. ಖುಷಿನೇ ಆಯ್ತು, ಸುಳ್ಳು ಯಾಕೆ. ನಾಳೆ ಪಂಚನಾಮೆ.

9 ಜನವರಿ, ಗುರುವಾರ

ಎಲ್ಲರೂ ಸಹಿ ಹಾಕೋಕೆ ಸೇರಿದ್ರು. ದುರುಗಮ್ಮ ಎದ್ದು ನಿಂತರು.

"ಮೇಡಂ, ಆ ಕಲ್ಲು ಅಲ್ಲಿದ್ದದ್ದಲ್ಲ. ನಾನೇ ಹೊತ್ಕಂಡು ಬಂದು ಇಟ್ಟಿದ್ದು."

ಟ್ರ್ಯಾಕ್ಟರಿಗೆ ಸಿಕ್ಕಿ ಕಿತ್ತು ಬಂದು ಹಳ್ಳದಾಗೆ ಬಿದ್ದಿತ್ತಂತೆ. ಸತ್ತೋರ ತಲೆ ಹತ್ತಿರ ಕಲ್ಲು ನೆಡೋದು ಅವರ ಪದ್ಧತಿ. ಗೀರಿದ ಗುರುತು ಚೆಂದ ಕಂಡಿದೆ, ತಂದಿದಾರೆ. ಅದು ಬಾಂದುಕಲ್ಲು ಅಂತ ಗೊತ್ತಾಗಿದ್ದೇ ನಿನ್ನೆ.

ಅವರ ಮೈದುನ ರೇಗಿದ. "ಅತ್ತಿಗೆ, ಸುಮ್ಕಿರಬಾರ್ದಾ? ಬರೋದು ಬರ್ಲಿ ಬಿಡು."

ನಾನು ಪಕ್ಕಕ್ಕೆ ಕರೆದು ಹೇಳಿದೆ. "ಅಮ್ಮ, ಗೆರೆ ಒಳಕ್ಕೆ ಬಂದ್ರೆ ನಿಮ್ಮ ಯಜಮಾನ್ರ ಗೋರಿ ಹೊರಗೆ ಹೋಗುತ್ತೆ. ಹನುಮಂತಪ್ಪನ ಹೊಲಕ್ಕೆ."

ದುರುಗಮ್ಮ ಸೆರಗಿನ ತುದಿ ತಿರುವಿದ್ರು. "ಹೋಗ್ಲಿ ತಾಯಿ. ಒಂದು ಕಲ್ಲು ಸುಳ್ಳು ಅಂತ ಗೊತ್ತಾದ್ರೆ ನಾಳೆ ಕೋರ್ಟಿನಾಗೆ ನಾಲ್ಕೂ ಸುಳ್ಳು ಅಂತಾರೆ. ಕಾನೂನು ನಮ್ಗೆ ಎಷ್ಟು ಕೊಟ್ಟೈತೋ ಅಷ್ಟು ಅಳೀರಿ. ಅದ್ರಾಗೆ ಒಂದು ಗೇಣು ಕಮ್ಮಿ ಆದ್ರೂ ನಾನು ಬಿಡಾಕಿಲ್ಲ."

ನಾಚಿಕೆ ಆಯ್ತು. ಇಪ್ಪತ್ತೆರಡು ವರ್ಷ ಸರ್ವಿಸು. ಫರಕು ಕಂಡೂ 'ಇರಲಿ' ಅಂದವಳು ನಾನು. ಮಂಡಿ ಮರೆತು, ಹಳೇ ನಕ್ಷೆ ಹಿಡಿದು ಮತ್ತೆ ಅಳೆದೆ.

ಒಂದು ಎಕರೆ ಸರಿಯಾಗಿ ಬಂತು. ಹನ್ನೊಂದು ಗುಂಟೆ ಹನುಮಂತಪ್ಪನ ಒತ್ತುವರಿ. ಚಿಕ್ಕತಿಮ್ಮಪ್ಪನ ಗೋರಿ ಹತ್ತು ಅಡಿ ಹೊರಗೆ; ಆ ಬಂಜರು ಮೂಲೇಲಿ ಮಣ್ಣು ಮಾಡಿದಾಗ ಗೆರೆ ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ.

ರಾತ್ರಿ ಆ ಹತ್ತು ಅಡಿಯ ಲೆಕ್ಕ ಮತ್ತೆರಡು ಸಲ ಹಾಕಿ ನೋಡಿದೆ. ಹತ್ತೇ.

28 ಜನವರಿ, ಮಂಗಳವಾರ

ಇಷ್ಟು ದಿನ ಬರೆಯೋಕೆ ಪುರಸೊತ್ತಿಲ್ಲ. ಹನುಮಂತಪ್ಪ ತಕರಾರು ಹಾಕಿದ್ದ. ಅವನ ವಕೀಲರು ನಾಲ್ಕೂ ಮೂಲೆಯ ಅಳತೆಯಲ್ಲಿ ತಪ್ಪು ಹುಡುಕಿ ಸುಸ್ತಾದ್ರು. ತಕರಾರು ಬಿದ್ದುಹೋಯ್ತು. ಆಯಮ್ಮ ಅವತ್ತು ಬಾಯಿ ಮುಚ್ಚಿಕೊಂಡಿದ್ರೆ ಇಡೀ ಎಕರೆ ಹೋಗ್ತಿತ್ತು. ಎಂಥಾ ಹೆಂಗಸು!

ಇವತ್ತು ಕಲ್ಲು ನೆಟ್ಟೆವು. ಗೋರಿಯಿಂದ ರಂಗೇಶ್ ಕಿತ್ತು, ಹೆಗಲ ಮೇಲೆ ಹೊತ್ತು ತಂದ. ಸರಿ ಮೂಲೆಯ ಗುಂಡಿಗೆ ದುರುಗಮ್ಮನೇ ಮೊದಲ ಮಣ್ಣು ಹಾಕಿದ್ರು.

ನಕ್ಷೆಯಲ್ಲಿ ಗೆರೆಯ ಆಚೆ ಒಂದು ಗುರುತು ಹಾಕಿದೀನಿ. ಪಕ್ಕದಲ್ಲಿ — 'ಚಿಕ್ಕತಿಮ್ಮಪ್ಪನ ಗೋರಿ'. ಸರ್ಕಾರಿ ರೆಕಾರ್ಡು. ಅಲ್ಲಿ ಏನೂ ಇರಲಿಲ್ಲ ಅಂತ ಇನ್ನು ಯಾರೂ ಅನ್ನೋ ಹಾಗಿಲ್ಲ.

"ಇದೇನ್ರಿ ಮೇಡಂ, ನನ್ನ ಹೊಲದಾಗೆ?" ಅಂದ ಹನುಮಂತಪ್ಪ.

"ಇದ್ದದ್ದು ಬರೆದಿದೀನಿ. ಆಯಮ್ಮ ಇದ್ದದ್ದು ಹೇಳಿದ್ದಕ್ಕೇ ನಿಮ್ಮ ಒಂದು ಗುಂಟೆ ಉಳೀತು."

ಹನುಮಂತಪ್ಪ ಪೆನ್ನು ತಗೊಂಡ. ದುರುಗಮ್ಮನ ಕಡೆ ನೋಡಲಿಲ್ಲ. ಸಹಿ ಹಾಕಿದ.

ಆಮೇಲೆ ದುರುಗಮ್ಮ ಬಂದ್ರು. ಓದೋಕೆ ಬರಲ್ಲ. "ಎಲ್ಲೈತೆ ತಾಯಿ?" ಅಂದ್ರು. ತೋರಿಸಿದೆ. ಮಣ್ಣಿನ ಕೈ ಸೆರಗಿಗೆ ಒರೆಸಿಕೊಂಡು, ಆ ಹೆಸರಿನ ಮೇಲೆ ಬೆರಳಿಟ್ಟು, "ಗೆರೆ ಆಚೆ ಇದ್ರೂ ಹೆಸರು ಐತಲ್ಲ ತಾಯಿ, ಸಾಕು" ಅಂದ್ರು.