ಅಮ್ಮನ ಜೀನಿಗೆ ಅಪ್ಪನ ಅಣ್ಣತಮ್ಮಂದಿರ ರಕ್ತ

ವಂಶವಾಹಿ ಪರೀಕ್ಷಾ ಕೇಂದ್ರದ ವರದಿಗಳಿಗೆ ಕೊನೆಯ ಸಹಿ ಹಾಕುವ ಮಾನ್ಯರೇ,

ನನ್ನ ಅಮ್ಮನ ಒಂದು ಜೀನ್ ಅಪಾಯಕಾರಿಯೋ ಅಲ್ಲವೋ ಎಂದು ತಿಳಿಯಲು ತಾವು ನನ್ನ ಅಪ್ಪನ ಅಣ್ಣತಮ್ಮಂದಿರ ರಕ್ತವನ್ನು ಪರೀಕ್ಷಿಸಿದ್ದೀರಿ. ಅವರಲ್ಲಿ ಯಾರಿಗೂ ಅಮ್ಮನ ಜೀನಿನ ಬದಲಾವಣೆ ಇಲ್ಲವೆಂದು ಕಂಡುಹಿಡಿದಿದ್ದೀರಿ. ಅಭಿನಂದನೆಗಳು. ತಮ್ಮ ಕೇಂದ್ರದ ಗೇಟಿನಲ್ಲಿ ಕೂರುವ ಕಾವಲುಗಾರರ ರಕ್ತ ಪರೀಕ್ಷಿಸಿದ್ದರೂ ಅದು ಸಿಗುತ್ತಿರಲಿಲ್ಲ; ನಮ್ಮೂರು ದುದ್ದದಲ್ಲಿ ನಮ್ಮ ದೊಡ್ಡಪ್ಪನಾದರೂ ಹಸಿದು ಕೂರದೆ ಬೆಳಗಿನ ತಿಂಡಿ ತಿಂದುಕೊಂಡಿರುತ್ತಿದ್ದರು. ನಗುವ ವಿಷಯವೆಂದು ಹಾಸ್ಟೆಲಿನಲ್ಲಿ ಒಬ್ಬಳೇ ನಕ್ಕೂ ನೋಡಿದೆ. ಆದರೆ ತಮ್ಮ ವರದಿಯನ್ನು ನಂಬಿ ಅಮ್ಮ ಬರುವ ಸೋಮವಾರ ಅಂಡಾಶಯ ತೆಗೆಸಿಕೊಳ್ಳಲು ಆಸ್ಪತ್ರೆಗೆ ಸೇರುತ್ತಿದ್ದಾಳೆ. ಆದ್ದರಿಂದ ಈ ಪತ್ರವನ್ನು ತಮಗೂ ಪತ್ರಿಕೆಗೂ ಒಟ್ಟಿಗೇ ಕಳಿಸಿದ್ದೇನೆ. ತಮ್ಮ ಹೆಲ್ಪ್‌ಲೈನಿನ ಸಂಗೀತ ನನಗೆ ಬಾಯಿಪಾಠವಾಗಿದೆ.

ಹೋದ ವರ್ಷ ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆ ಮುಗಿದು ತಲೆಗೂದಲು ಮತ್ತೆ ಬಂದಿದೆ. ಮೊದಲಿಗಿಂತ ಗುಂಗುರಾಗಿದೆ ಎಂದು ಅವಳಿಗೆ ಸ್ವಲ್ಪ ಜಂಬವೂ ಇದೆ. ಆಮೇಲೆ ಡಾಕ್ಟರು ಜೀನ್ ಪರೀಕ್ಷೆ ಬರೆದುಕೊಟ್ಟರು. ತಮ್ಮ ಮೊದಲ ವರದಿ ಹೇಳಿತು: ಒಂದು ಬದಲಾವಣೆ ಇದೆ, ಅದರ ಮಹತ್ವ ಅನಿಶ್ಚಿತ. ಅಂದರೆ, ಮುಂದೆ ಅಂಡಾಶಯಕ್ಕೂ ಕ್ಯಾನ್ಸರ್ ತರುವಷ್ಟು ಕೆಟ್ಟದ್ದಿರಬಹುದು, ಏನೂ ಅಲ್ಲದೆಯೂ ಇರಬಹುದು. ಇಷ್ಟನ್ನೇ ನಂಬಿಕೊಂಡು ಇನ್ನೊಂದು ಆಪರೇಷನ್ ಬೇಡ, ಮನೆಯವರ ರಕ್ತ ನೋಡಿದರೆ ಸುಳಿವು ಸಿಗಬಹುದು ಎಂದರು ಡಾಕ್ಟರು. ತಾವೂ ಒಪ್ಪಿ 'ಕುಟುಂಬದ ಸದಸ್ಯರ ಮಾದರಿ' ಬೇಕೆಂದಿರಿ. ಕುಟುಂಬ ಎಂದರೆ ಯಾರು ಎಂದು ಮಾತ್ರ ಹೇಳಲಿಲ್ಲ. ತಮ್ಮೂರಿನಲ್ಲಿ ಅದಕ್ಕೆ ಒಂದೇ ಉತ್ತರವಿರಬೇಕು.

ನಮ್ಮಲ್ಲೂ ಒಂದೇ ಉತ್ತರ, ಮಾನ್ಯರೇ. ಆದರೆ ಬೇರೆಯದು. ಮದುವೆಯಾಗಿ ಬಂದ ಹೆಣ್ಣು ಗಂಡನ ಮನೆಯವಳು. ಅಪ್ಪನ ದಾಯಾದಿಗಳಲ್ಲಿ ಯಾರೋ ಮುಖ ನೋಡಿರದ ಅಜ್ಜ ತೀರಿಕೊಂಡರೆ ಅಮ್ಮನಿಗೆ ಪೂರ್ತಿ ಸೂತಕ. ಅವಳ ಸ್ವಂತ ಅಪ್ಪ ತೀರಿಕೊಂಡಾಗ ಮೂರೇ ದಿನ. ಈ ಲೆಕ್ಕ ಗೊತ್ತಿರುವ ದೊಡ್ಡಪ್ಪ ಕೃಷ್ಣಪ್ಪನವರು ಕುಟುಂಬ ಎಂದ ಕೂಡಲೇ ಯಾರನ್ನು ಕರೆಸಬೇಕಿತ್ತು? ತಮ್ಮಂದಿರನ್ನೆಲ್ಲ ಕರೆಸಿದರು. ಎಲ್ಲರೂ ಮಿಂದು, ದೇವರಿಗೆ ಕೈಮುಗಿದು, ಹಸಿದ ಹೊಟ್ಟೆಯಲ್ಲಿ ವಯಸ್ಸಿನ ಪ್ರಕಾರ ಸಾಲಾಗಿ ಕೂತರು. ಉಪವಾಸವಿರಿ ಎಂದು ತಾವು ಹೇಳಿರಲಿಲ್ಲ. ಅದು ದೊಡ್ಡಪ್ಪನ ಸ್ವಂತ ಕೊಡುಗೆ. ತಮ್ಮ ಕಡೆಯಿಂದ ಬಂದ ಯುವಕ ಹೆಸರು ಕೇಳಿದ, ವಯಸ್ಸು ಕೇಳಿದ, ನರ ಹುಡುಕಿದ. ಇವರು ಆ ಹೆಂಗಸಿಗೆ ಏನಾಗಬೇಕು ಎಂದು ಕೇಳಲಿಲ್ಲ. ಆ ಹೆಂಗಸು ಅಡುಗೆಮನೆಯಲ್ಲಿ ಎಲ್ಲರಿಗೂ ಉಪ್ಪಿಟ್ಟು ಕೆದಕುತ್ತಿದ್ದಳು.

ಅಂದು ಅಮ್ಮನ ತಮ್ಮ, ನನ್ನ ಸೋದರಮಾವ ರವೀಂದ್ರ, ಅರಕಲಗೂಡಿನಿಂದ ಆಲೂಗಡ್ಡೆ ಚೀಲ ಹೊತ್ತು ಬಂದಿದ್ದ. ನಾನಿಲ್ಲಿ ಹಾಸ್ಟೆಲಿನಲ್ಲಿದ್ದೆ, ಮುಂದಿನದನ್ನು ಆಮೇಲೆ ಅವನೇ ಅಭಿನಯಿಸಿ ತೋರಿಸಿದ್ದು. ಅಕ್ಕನಿಗಾಗಿ ಎಂದು ತಾನೂ ಅಂಗಿಯ ತೋಳು ಮಡಚಿದನಂತೆ. ದೊಡ್ಡಪ್ಪ ತಡೆದರು.

"ನೀನು ನೆಂಟ ಕಣಪ್ಪಾ, ಕೂತ್ಕೊ. ಅವ್ರು ಕೇಳಿರಾದು ಮನೆಯೋರ ರಕ್ತ."

"ಆಗ್ಲಿ ಬುಡಿ ಬಾವ, ನಂದು ಉಳೀತು," ಎಂದು ಮಾವ ಉಪ್ಪಿಟ್ಟಿಗೆ ಕೂತನಂತೆ. ಆಮೇಲೆ ತಮ್ಮ ಯುವಕನನ್ನು ತನ್ನ ಬೈಕಿನಲ್ಲಿ ಕೂರಿಸಿಕೊಂಡು ಹಾಸನಕ್ಕೆ ಬಿಟ್ಟು ಬಂದವನೂ ಅವನೇ. ಡಬ್ಬಿಯಲ್ಲಿ ನಿಷ್ಪ್ರಯೋಜಕ ರಕ್ತ ಭದ್ರವಾಗಿ ತಣ್ಣಗೆ ಕೂತಿತ್ತು. ತಮಗೆ ಬೇಕಾಗಿದ್ದ ರಕ್ತ ಮುಂದಿನ ಸೀಟಿನಲ್ಲಿ ಗಾಡಿ ಓಡಿಸುತ್ತಿತ್ತು.

ಇನ್ನು ತಮ್ಮ ಎರಡನೆಯ ವರದಿ. 'ಕುಟುಂಬದ ಯಾರಲ್ಲೂ ಕಂಡುಬಂದಿಲ್ಲ. ರೋಗಿಯಲ್ಲೇ ಹೊಸದಾಗಿ ಉಂಟಾಗಿರುವ ಸಾಧ್ಯತೆಯಿಂದ, ಇದು ಅಪಾಯಕಾರಿ ಎಂಬ ಸಂಶಯ ಹೆಚ್ಚಿದೆ.' ಹೊಸದಾಗಿ! ಆಲದಮರದಲ್ಲಿ ಹಲಸಿನ ಹಣ್ಣಿಲ್ಲ, ಆದ್ದರಿಂದ ಈ ಹಲಸು ಆಕಾಶದಿಂದ ಬಿದ್ದಿರಬೇಕು ಎನ್ನುವ ಈ ಲಾಜಿಕ್ ಅನ್ನು ನಾನು ಇಂಟರ್ನಲ್ಸ್‌ನಲ್ಲಿ ಬರೆದಿದ್ದರೆ ನಮ್ಮ ಲೆಕ್ಚರರ್ ಪೇಪರನ್ನು ಗೋಡೆಗೆ ಅಂಟಿಸುತ್ತಿದ್ದರು. ನಾನೇನೂ ಪಂಡಿತೆಯಲ್ಲ. ಬಿ.ಎಸ್ಸಿ. ಮೊದಲ ವರ್ಷ, ಪರೀಕ್ಷೆಗೆ ಮೂರು ಪೆನ್ನು ಒಯ್ದು ಮೂರೂ ಕೈಕೊಡುತ್ತವೆಂದು ಹೆದರುವವಳು. ಶಾಲೆಯ ದಿನಗಳಲ್ಲಿ ಚನ್ನರಾಯಪಟ್ಟಣದ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಮೀಡಿಯಂ ಓದಿದ್ದಕ್ಕೆ ಮನೆಯ ಕಾಗದಗಳೆಲ್ಲ ನನ್ನ ಫೋನಿಗೇ ಬರುತ್ತವೆ. ಅಮ್ಮನಲ್ಲಿರುವುದು ನನಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಎಂಬುದನ್ನೂ ಹೀಗೆಯೇ ಓದಿದೆ, ಮೆಸ್ಸಿನ ಸಾಲಿನಲ್ಲಿ, ತಟ್ಟೆ ಹಿಡಿದುಕೊಂಡು.

ಊರಿಗೆ ಹೋಗಿ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಬರೆದು, ಯಾರ ರಕ್ತ ಯಾರಿಗೆ ಎಂದು ವಿವರಿಸಿದೆ. ದೊಡ್ಡಪ್ಪ ಬಹಳ ಹೊತ್ತು ನೋಡಿದರು. ಆಗಿದ್ದ ತಪ್ಪು ಅವರಿಗೆ ಅರ್ಥವಾಯಿತೋ ಇಲ್ಲವೋ, ನೋವಾಯಿತು.

"ಅಂಗಾರೆ ನಿಮ್ಮವ್ವ ನಮ್ಮೋಳಲ್ವಾ?"

ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದಳು, "ನಿಮ್ಮೋಳೇ ಬಾವ. ರಕ್ತ ಮಾತ್ರ ಅರಕಲಗೂಡಿಂದು."

ಆದರೂ ಆಪರೇಷನ್ ನಿಂತಿಲ್ಲ. ಮೊಹರಿರುವ ಕಾಗದದ ಎದುರು ಮೊದಲ ವರ್ಷದ ಹುಡುಗಿಯ ಚೌಕ ಎಷ್ಟರದು? ಹೆಲ್ಪ್‌ಲೈನಿನವರು, "ಮ್ಯಾಮ್, ನಿಮ್ಮ ಫ್ಯಾಮಿಲಿ ಸ್ಟಡಿ ಕಂಪ್ಲೀಟ್ ಆಗಿದೆ," ಎಂದು ಸಿಹಿಯಾಗಿ ಹೇಳಿದರು. ನನ್ನ ಅಜ್ಜಿ ಚಿಕ್ಕಲಕ್ಷ್ಮಮ್ಮ, ಅಮ್ಮನ ಹೆತ್ತ ತಾಯಿ, ಎಂಬತ್ತು ದಾಟಿದರೂ ಅರಕಲಗೂಡಿನಲ್ಲಿ ಎಮ್ಮೆಯನ್ನು ಬೈದು ಹಾಲು ಕರೆಯುತ್ತಿದ್ದಾಳೆ. ಇದೇ ಬದಲಾವಣೆ ಅವಳಲ್ಲೂ ಇದ್ದು, ಅವಳು ಹೀಗೆ ಗಟ್ಟಿಯಾಗಿದ್ದರೆ, ಅದಕ್ಕೊಂದು ಅರ್ಥವಿರುವುದಿಲ್ಲವೇ? ಅವಳನ್ನು ಬಿಟ್ಟು ಯಾವ ಸ್ಟಡಿ, ಯಾವ ಕಂಪ್ಲೀಟ್?

ನನ್ನ ಬೇಡಿಕೆ ಸಣ್ಣದು. ಸೋಮವಾರದೊಳಗೆ ಎರಡನೆಯ ವರದಿಯನ್ನು ಲಿಖಿತವಾಗಿ ಹಿಂದಕ್ಕೆ ಪಡೆಯಿರಿ, ಡಾಕ್ಟರಿಗೂ ತಿಳಿಸಿ. ಅಜ್ಜಿಯ, ಮಾವನ ರಕ್ತ ತೆಗೆದುಕೊಳ್ಳಿ. ಅದರಿಂದಲೂ ಏನೂ ತಿಳಿಯದೆ ಹೋಗಬಹುದು, ಬಲ್ಲೆ. ಆಗ 'ನಮಗೆ ಗೊತ್ತಿಲ್ಲ' ಎಂದು ಕನ್ನಡದಲ್ಲಿ ಬರೆದು, ಅದೇ ಧೈರ್ಯದಿಂದ ಸಹಿ ಹಾಕಿ. ಈ ಕೊನೆಯದು ನನ್ನ ಕೇಳಿಕೆಯಲ್ಲ, ಅಮ್ಮನದು. ನಿನ್ನೆ ಆಸ್ಪತ್ರೆಗೆಂದು ಬ್ಯಾಗಿಗೆ ಸೀರೆ ಮಡಚಿಡುತ್ತಾ ಅವಳು ಹೇಳಿದ ಮಾತನ್ನು ಹಾಗೆಯೇ ಕೊಡುತ್ತಿದ್ದೇನೆ: "ಗೊತ್ತಿಲ್ಲ ಅಂತ ಬರ್ಕೊಟ್ರೆ ಎಷ್ಟು ವರ್ಷ ಬೇಕಾದ್ರೂ ಕಾಯ್ತೀನಿ ಕಣವ್ವ. ಗೊತ್ತು ಅಂತ ಬರ್ದವ್ರೆ, ಅದ್ಕೇ ಭಯ."

ಇಂತಿ,
ತಮ್ಮ ವರದಿಯ ಪ್ರಕಾರ ಇನ್ನೂ ಅನಿಶ್ಚಿತಳಾದ, ಕ್ಲಾಸಿನಲ್ಲೂ ಫೋನ್ ಸೈಲೆಂಟ್ ಮಾಡದೆ ಬೈಸಿಕೊಳ್ಳುತ್ತಿರುವ
ಸ್ನೇಹಲತಾ
ವಿದ್ಯಾರ್ಥಿನಿಯರ ಹಾಸ್ಟೆಲ್, ಹಾಸನ