ಸೀಸೆ ತಾರದ ಮೇಡಂ

ಚಿಂತಾಮಣಿ, 12-8-1986

ಪ್ರೀತಿಯ ತಂಗಿ,

‘ನೋವಿಗೆ ಊರಿಲ್ಲ, ಹೆಸರಿಲ್ಲ’ ಎಂದು ತಾನೆ ನೀನು ಕಾಲೇಜಿನಲ್ಲಿ ಪದ್ಯ ಬರೆದದ್ದು? ಇಲ್ಲಿಯ ಸರ್ಕಾರಿ ಆಸ್ಪತ್ರೆಯ ಚೀಟಿಯಲ್ಲಿ ಎರಡೂ ಬರೆಸಬೇಕು. ನರ್ಸಿಂಗ್ ಹೋಮಿನವರು ಸೋಫಾದಲ್ಲಿ ಕೂರಿಸಿ ತಿಂಗಳಿಡೀ ಟಾನಿಕ್ ಕುಡಿಸಿದರೂ ನನ್ನ ಕೆಮ್ಮು ಹೋಗಲಿಲ್ಲ. ಕ್ಷಯವೇನೋ ಎಂಬ ಭಯದಿಂದ ಇಲ್ಲಿಗೆ ಬಂದೆ. ಸಾಲಿನಲ್ಲಿ ಎಲ್ಲರ ಕೈಯಲ್ಲೂ ಔಷಧಿ ಹಾಕಿಸಿಕೊಳ್ಳಲು ಖಾಲಿ ಸೀಸೆ, ನಾನೊಬ್ಬಳೇ ಬರಿಗೈ. ಕಾಂಪೌಂಡರ್ ಗಂಗುಲಪ್ಪ ಕೇಳಿದರು: “ಇಷ್ಟು ಓದಿದೀರ, ಮಿಕ್ಸ್ಚರ್ ಏನು ಸೆರಗಲ್ಲಿ ಹುಯ್ಲಾ ಮೇಡಂ?”

ಆದರೂ ಮೂರು ದಿನ ಕಫ ಪರೀಕ್ಷಿಸಿ, ಕ್ಷಯವಿಲ್ಲ ಎಂದು ಹೇಳಿದವರು ಇವರೇ. ಈ ಕಾಗದ ತಲುಪಿದ ಕೂಡಲೇ ಅಮ್ಮನಿಗೆ ತಿಳಿಸು. ಟಪಾಲಿಗೆ ಹೊತ್ತಾಯಿತು.

ನಿನ್ನಕ್ಕ

ತಾ.ಕ.: ಪಕ್ಕದ ಮನೆಯ ರಾಮಲಕ್ಷ್ಮಮ್ಮ ಸುದ್ದಿ ಕೇಳಿ ಈಗಷ್ಟೇ ಬಾಗಿಲಲ್ಲಿ ನಿಂತು ಹೇಳಿದರು: “ತಿಂಗಳಿಂದ ನಿಮ್ಮ ಕಾಫಿ ಲೋಟ ಬೇರೆ ಇಟ್ಟಿದ್ದೆ ಕಣಮ್ಮ. ಇವತ್ತು ನಮ್ಮದ್ರ ಜೊತೇಲೇ ತೊಳ್ದೆ.”